ಯಂಕವ್ವನ ಸಾಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಹಸಿರು ಕಾಳಿನ ಸುದ್ದಿ ಬರುತ್ತದೆ. ಅದನ್ನು ಹೇಳಲು ನನಗಿಂತ ಹೆಚ್ಚು ತಿಳಿದವರು ಬೇಕಿತ್ತು. ಎಲ್ಲಾದರೂ ತಪ್ಪಿದ್ದರೆ ನಿಮ್ಮ ವಿಜ್ಞಾನದ ಸರ್ ಅಥವಾ ಟೀಚರನ್ನು ಕೇಳಿ ತಿದ್ದಿಕೊಳ್ಳಿ. ಯಶೋಧರಾಗೆ ಏನಾಯಿತು ಎಂಬುದನ್ನು ಮಾತ್ರ ಆದಷ್ಟು ಸರಿಯಾಗಿ ಹೇಳುತ್ತೇನೆ.

"ಏ, ದಬ್ಬಬ್ಯಾಡ್ರಿ! ಈಗ ನನ್ನ ಪಾಳಿ!"

ಯಶೋಧರಾ ಮೊಣಕೈಯಿಂದ ತೌಹೀದನನ್ನು ಹಿಂದಕ್ಕೆ ಸರಿಸಿ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಅವಳ ಹಿಂದೆ ಏಳನೆಯ ತರಗತಿ ಪೂರ್ತಿ ಸಾಲುಗಟ್ಟಿ ನಿಂತಿತ್ತು. ಸವಣೂರಿನ ಆ ಶಾಲೆಯಲ್ಲಿ ಇದ್ದದ್ದು ಒಂದೇ ಮೈಕ್ರೋಸ್ಕೋಪು.

"ಏನ್ ಕಾಣಸ್ತದ ಹೇಳು" ಎಂದರು ವಾದಿರಾಜ ಸರ್.

"ಬರೇ ಬೆಳಕು ಕಾಣಾಕತ್ತೈತ್ರಿ ಸರ್. ಹಾಂ... ಬಂತು, ಬಂತು! ಸಣ್ಣ ಸಣ್ಣ ತುಟಿ ಇದ್ದಂಗ ಅದಾವ್ರಿ. ಆ ತುಟಿಯೊಳಗ ಹಸಿರು ಕಾಳು!"

"ಭೇಷ್! ಆ ತುಟಿಯಿಂದನ ಎಲಿ ಗಾಳಿ ತಗೋತದ. ಆ ಕಾಳು ಅದಾವಲ್ಲ, ಅವಕ್ಕ ಕ್ಲೋರೋಪ್ಲಾಸ್ಟ್ ಅಂತಾರ."

ಎಲ್ಲರೂ ಮನೆಯಿಂದ ಒಂದೊಂದು ಎಲೆ ತರಬೇಕೆಂದು ಸರ್ ನಿನ್ನೆಯೇ ಹೇಳಿದ್ದರು. ಕೆಲವರು ಬೇವು ತಂದಿದ್ದರು, ಕೆಲವರು ದಾಸವಾಳ. ಯಶೋಧರಾ ತಂದದ್ದು ವೀಳ್ಯದೆಲೆ. ಸರ್ ಬ್ಲೇಡಿನಿಂದ ಅದರ ಅಡಿಯ ತೆಳ್ಳನೆಯ ಸಿಪ್ಪೆ ಎಬ್ಬಿಸಿ ಗಾಜಿನ ಮೇಲೆ ಹಾಸಿದ್ದರು.

"ಸರ್, ನಂದೂ ನೋಡ್ರಿ" ಎಂದ ತೌಹೀದ, ಇನ್ನೊಂದು ವೀಳ್ಯದೆಲೆ ಮುಂದೆ ಚಾಚಿ. "ಯಂಕವ್ವನ ಸಾಲಿನ ಎಲಿ. ನಮ್ಮ ತೋಟದಾಗ ನಂಬರ್ ವನ್."

ಯಶೋಧರಾ ತಟ್ಟನೆ ತಲೆ ಎತ್ತಿದಳು. ಅವಳ ಅಜ್ಜಿಯ ಹೆಸರು ಯಂಕವ್ವ.

"ಏ, ನಮ್ಮಮ್ಮನ ಹೆಸರು ಯಾಕ ತಗೀತಿ?" ಅಜ್ಜಿಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು.

"ನಿಮ್ಮಮ್ಮ ಯಾರಂತ ನನಗೇನ್ ಗೊತ್ತು? ನಮ್ಮ ತೋಟದಾಗ ಸಾಲಿಗೊಂದು ಹೆಸರೈತಿ. ಬಾವಿ ಸಾಲು, ಬೇಲಿ ಸಾಲು, ಯಂಕವ್ವನ ಸಾಲು."

"ಸುಳ್ಳ! ಚ್ಯಾಷ್ಟಿ ಮಾಡಾಕತ್ತೀದಿ."

ಸರ್ ಡಸ್ಟರಿನಿಂದ ಟೇಬಲ್ ಕುಟ್ಟಿದರು. "ಜಗಳ ಆಮ್ಯಾಲೆ. ಮೊದಲು ಈ ಕಾಳಿನ ಕತಿ ಕೇಳ್ರಿ. ಇದು ಎಲಿಯ ಅಡಗಿಮನಿ. ಬಿಸಿಲು, ನೀರು, ಗಾಳಿ ಕೂಡಿಸಿ ಸಕ್ಕರಿ ಮಾಡ್ತದ. ಆದರ ಒಂದು ಮಜಾ ಅದ. ಈ ಅಡಗಿ ಮಾಡಾಕಿ ಮೊದಲು ಈ ಮನಿಯಾಕಿ ಅಲ್ಲ."

"ಮತ್ತ ಎಲ್ಲಿಂದ ಬಂದ್ಲ್ರಿ?"

ಸರ್ ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಬರೆದರು. ಅದರ ಪಕ್ಕ ಹಸಿರು ಚಾಕ್‌ಪೀಸಿನಿಂದ ಒಂದು ಪುಟ್ಟ ಚುಕ್ಕೆ ಇಟ್ಟರು.

"ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಗಿಡ ಇಲ್ಲ, ಎಲಿ ಇಲ್ಲ. ನೀರಿನ್ಯಾಗ ಇಂಥ ಹಸಿರು ಬ್ಯಾಕ್ಟೀರಿಯಾ ಇದ್ದವು. ಬಿಸಿಲು ಹಿಡದು ತಮ್ಮ ಅಡಗಿ ತಾವ ಮಾಡಕೋತಿದ್ದವು. ಒಂದು ದಿನ ಒಂದು ದೊಡ್ಡ ಜೀವಕೋಶ ಬಂದು ಇಂಥದೊಂದನ್ನ ಗುಳುಂ ಅಂತ ನುಂಗಿತು. ನುಂಗಿದ್ದು ಕರಗಬೇಕು, ಹೌದಲ್ಲ? ಇದು ಕರಗಲಿಲ್ಲ."

"ಸರ್, ನಾ ಕಲ್ಲಂಗಡಿ ಬೀಜ ನುಂಗೇನ್ರಿ" ಎಂದ ತೌಹೀದ. "ನನ್ನ ಹೊಟ್ಟ್ಯಾಗೂ ಬಳ್ಳಿ ಹಬ್ಬತೈತೇನ್ರಿ?"

ತರಗತಿ ಗೊಳ್ಳೆಂದಿತು. ಸರ್ ಕೂಡ ನಕ್ಕರು. "ನಿನ್ನ ಹೊಟ್ಟಿ ಕಲ್ಲಾದರೂ ಕರಗಸ್ತದಪ್ಪಾ. ಆ ಕೋಶಕ್ಕ ಯಾಕ ಕರಗಸಲಿಕ್ಕೆ ಆಗಲಿಲ್ಲೋ, ಅದು ನನಗ ಗೊತ್ತಿಲ್ಲ. ಒಳಗ ಉಳದಾಕಿ ಅಡಗಿ ಮಾಡಿದ್ಲು. ದೊಡ್ಡಾಕಿ ಜಾಗಾ ಕೊಟ್ಲು. ಮಕ್ಕಳು, ಮರಿಮಕ್ಕಳು ಕೂಡೇ ಬೆಳದರು. ಈಗ ನೀವು ಕಂಡ ಕಾಳು ಆಕಿ ವಂಶದಾವು. ಕಾಲುವಿ ದಂಡಿಗೆ ಕಾಲಿಟ್ರ ಜಾರ್ತದಲ್ಲ, ಆ ನೀಲಿಹಸಿರು ಲೋಳಿ? ಅದು ಹೊರಗ ಉಳದ ಅಕ್ಕತಂಗೇರ ವಂಶ."

"ಈಗ ಆ ಕಾಳು ಹೊರಗ ಬಂದ್ರ ಬದುಕತೈತೇನ್ರಿ ಸರ್?" ಯಶೋಧರಾ ಕೇಳಿದಳು.

"ಇಲ್ಲ. ಹೆಂಗ ಬದುಕಬೇಕು ಅನ್ನೂ ಬರಹ ಪ್ರತಿ ಜೀವದಾಗೂ ಇರ್ತದ. ಆಕಿ ತನ್ನ ಬರಹದಾಗ ಭಾಳಷ್ಟನ್ನ ಆ ಮನಿಗೇ ಕೊಟ್ಟುಬಿಟ್ಟಾಳ. ಸ್ವಲ್ಪ ಮಾತ್ರ ತನ್ನ ಕಡೆ ಇಟಗೊಂಡಾಳ."

"ಮತ್ತ ಒಳಗಿನ ಕಾಳೆಲ್ಲಾ ಸತ್ತುಹೋದ್ರ? ಎಲಿ ಹೊಸಾವು ಮಾಡಕೊಳ್ಳೂದಿಲ್ಲೇನ್ರಿ?"

"ಚಲೋ ಪ್ರಶ್ನೆ ಕೇಳಿದಿ. ಇಲ್ಲ. ಕಾಳಿನಿಂದನ ಕಾಳು. ಇದ್ದದ್ದು ಎರಡಾಗಬೇಕು, ಎರಡು ನಾಕಾಗಬೇಕು. ಪೂರಾ ಕಳಕೊಂಡ್ರ ಮುಗೀತು."

ಮುಗೀತು ಎಂಬ ಮಾತಿಗೆ ಯಶೋಧರಾಳ ಎದೆ ಸಣ್ಣಗೆ ಅಳುಕಿತು. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ.

ಅವಳ ಹಳ್ಳಿ ಸವಣೂರಿನಿಂದ ಮೂರು ಕಿಲೋಮೀಟರ್. ಸಂಜೆ ಬಸ್ಸಿಳಿದು ಅವಳು ತೋಟದ ದಾರಿಯಿಂದಲೇ ಮನೆಗೆ ಬಂದಳು.

ತೋಟ ಎಂದರೆ ಈಗ ಬರೀ ಅಗಸೆ ಮರಗಳು. ಅವಕ್ಕೆ ಹಬ್ಬಿದ್ದ ವೀಳ್ಯದೆಲೆಯ ಬಳ್ಳಿಗಳೆಲ್ಲ ಈ ಮಳೆಗಾಲದಲ್ಲಿ ಬುಡ ಕೊಳೆತು ಸತ್ತಿದ್ದವು. ಅಪ್ಪ ಅವನ್ನು ಕಿತ್ತು ಸುಟ್ಟಿದ್ದ. ಮೂಲೆಯ ಮರದ ಮೇಲೆ ಒಂದೇ ಒಂದು ಬಳ್ಳಿ ಉಳಿದಿತ್ತು.

ಅಜ್ಜಿ ಆ ಬಳ್ಳಿಯ ಮುಂದೆ ನಿಂತಿದ್ದಳು.

"ಯಶೀ, ಇದರ ತುದಿ ಯಾರ ಚಿವುಟ್ಯಾರ?"

ಬೆಳಿಗ್ಗೆ ಚಿವುಟಿದ್ದು ಯಶೋಧರಾಳೇ. ಒಂದೇ ಎಲೆ ಕಿತ್ತರೆ ಶಾಲೆ ಮುಟ್ಟುವಷ್ಟರಲ್ಲಿ ಬಾಡುತ್ತದೆಂದು ದಂಟಿನ ಸಮೇತ, ಮೂರು ಎಲೆಯ ಇಡೀ ತುದಿಯನ್ನೇ ಮುರಿದುಕೊಂಡಿದ್ದಳು. ಎಲೆ ಕೀಳುವುದು ಆ ಮನೆಯಲ್ಲಿ ದಿನದ ಕೆಲಸ. ಅದು ತಪ್ಪು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

"ಕೆಳಗ ಕೊಳತೈತಿ" ಎಂದಳು ಅಜ್ಜಿ, ಬಳ್ಳಿಯ ಬುಡ ಮುಟ್ಟಿ. "ತುದಿ ಒಂದ ಚಲೋ ಇತ್ತು. ಇನ್ನೆರಡು ಗಿಣ್ಣು ಬಲಿತಿದ್ರ ಕತ್ತರಿಸಿ ಬ್ಯಾರೆ ಕಡೆ ಊರತಿದ್ದೆ. ದಿನಾ ಬಂದು ನೋಡ್ತಿದ್ದೆ."

"ಮ್ಯಾಕಿ ತಿಂದಿರಬೇಕಮ್ಮಾ" ಎಂದುಬಿಟ್ಟಳು ಯಶೋಧರಾ.

ಆ ಮಾತು ಹೇಗೆ ಬಂತೋ. ಬಂದ ಮೇಲೆ ವಾಪಸ್ ಹೋಗಲಿಲ್ಲ.

"ಹೌದೇನು? ಬೇಲಿ ಎಲ್ಲೋ ಹರದಿರಬೇಕು ಹಂಗಾರ" ಎಂದು ಅಜ್ಜಿ ಹೊರಟೇಬಿಟ್ಟಳು. ಜಾಲಿ ಮುಳ್ಳಿನ ಕಂಟಿ ಎಳೆದು ತಂದು, ಬೇಲಿಯ ಸಂದಿಗಳಿಗೆ ಒಂದೊಂದಾಗಿ ತುರುಕತೊಡಗಿದಳು.

"ಅಮ್ಮಾ, ಸಾಕು ಬಾ. ಚಾ ಆರತೈತಿ."

"ನೀ ನಡಿ. ಒಮ್ಮೆ ರುಚಿ ಹತ್ತಿದ ಮ್ಯಾಕಿ ಮತ್ತ ಬರ್ತೈತಿ."

ಬಾರದ ಮೇಕೆಗಾಗಿ ಅಜ್ಜಿ ಹೊತ್ತು ಮುಳುಗುವವರೆಗೂ ಬೇಲಿ ಕಟ್ಟಿದಳು. ಮನೆಗೆ ಬಂದಾಗ ಅವಳ ಬೆರಳುಗಳಲ್ಲಿ ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು. ಯಶೋಧರಾ ಅರಿಶಿನ ತಂದು ಹಚ್ಚಿದಳು. ಅಜ್ಜಿ "ಶಾಣ್ಯಾಕಿ ನನ್ನ ಮಗಳು" ಎಂದಳು. ಆ ಹೊಗಳಿಕೆ ಮುಳ್ಳಿಗಿಂತ ಜೋರಾಗಿ ಚುಚ್ಚಿತು.

ಊಟಕ್ಕೆ ಕೂತಾಗ ಅಪ್ಪ ನೀಲಪ್ಪ ಹೇಳಿದ: "ಸೋಮವಾರ ಟ್ರ್ಯಾಕ್ಟರ್ ಬರ್ತೈತಿ. ಎಲಿ ತೋಟ ಹೊಡಿಸಿ ಗೋವಿನಜೋಳ ಹಾಕೂನು. ಇನ್ನ ಅಲ್ಲೇನೈತಿ?"

ಅಜ್ಜಿ ರೊಟ್ಟಿ ಮುರಿಯುತ್ತಿದ್ದವಳು ಮುರಿಯುತ್ತಲೇ "ಹೂಂ" ಎಂದಳು.

"ಬ್ಯಾರೆ ಬಳ್ಳಿ ತಂದು ಹಚ್ಚೂನಪ್ಪಾ" ಎಂದಳು ಯಶೋಧರಾ.

"ಬಳ್ಳಿಗೇನು, ಎಲ್ಲೆರ ಸಿಗತೈತಿ. ನಿಮ್ಮಮ್ಮಗ ಆಡೂರ ಬಳ್ಳೀನ ಬೇಕು. ಅದನ್ನ ಎಲ್ಲಿಂದ ತರೂದು?"

ಆಡೂರು ಹಾನಗಲ್ಲ ತಾಲೂಕಿನಲ್ಲಿದೆ. ಅದು ಅಜ್ಜಿಯ ತವರು. ಮದುವೆಯಾಗಿ ಈ ಊರಿಗೆ ಬಂದಾಗ ಅವಳ ಅವ್ವ ಮಗಳ ಉಡಿಯಲ್ಲಿ, ಅಕ್ಕಿ ಕೊಬ್ಬರಿಯ ಜೊತೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಐದು ತುಂಡು ಬಳ್ಳಿ ಇಟ್ಟಿದ್ದಳಂತೆ. ಎರಡು ಬಸ್ಸು ಬದಲಿಸುವಾಗಲೂ ಅಜ್ಜಿ ಸೆರಗಿನ ಗಂಟು ಬಿಡಿಸಿರಲಿಲ್ಲವಂತೆ.

"ಬೀಜ ಹಾಕಿ ಬೆಳಸಾಕ ಬರೂದಿಲ್ಲೇನಮ್ಮಾ?"

"ಬೀಜ ಎಲ್ಲೈತಿ ಇದಕ್ಕ? ನಾ ಒಂದಿನಾನೂ ಕಂಡಿಲ್ಲ. ಬಳ್ಳಿಯಿಂದನ ಬಳ್ಳಿ. ಈಗ ಆಡೂರಾಗೂ ನಮ್ಮ ತೋಟ ಉಳದಿಲ್ಲ."

ಕ್ಲಾಸಿನಲ್ಲಿ ಎದೆ ಯಾಕೆ ಅಳುಕಿತ್ತೆಂದು ಯಶೋಧರಾಗೆ ಈಗ ತಿಳಿಯಿತು.

"ಅಮ್ಮಾ, ನೀ ಯಾರಿಗೂ ಆ ಬಳ್ಳಿ ಕೊಟ್ಟೇ ಇಲ್ಲೇನು?"

"ಒಬ್ಬಾಕಿಗೆ ಕೊಟ್ಟೇನಿ. ಸವಣೂರಾಗ ಜನ್ನತಬಿಗೆ. ಎಲಿ ಮಾರಾಕ ಹೋದಾಗ ಆಕಿ ಮನಿ ಮುಂದ ಹಾದು ಹೋಗ್ತಿದ್ದೆ. ಆಗ ಆಕಿ ಹೊಸಾ ಸೊಸಿ."

"ಹಂಗಾರ ಕೇಳೂನು! ನಾಳೆನ ಕೇಳೂನು!"

"ಹುಚ್ಚಿ! ಉಡ್ಯಾಗ ಹಾಕಿ ಕೊಟ್ಟೇನಿ. ಉಡ್ಯಾಗ ಕೊಟ್ಟದ್ದನ್ನ ಕೊಟ್ಟಾಕಿ ತಿರುಗಿ ಕೇಳತಾಳೇನು? ಮಗಳ್ನ ಕೊಟ್ಟು ಆಮ್ಯಾಲೆ ತಿರುಗಿ ಕೊಡ್ರಿ ಅಂದಂಗ ಆಕ್ಕೈತಿ. ಸುಮ್ನ ಉಣ್ಣು."

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಗಂಟೆ ಹೊಡೆದದ್ದೇ ಯಶೋಧರಾ ಗೇಟಿನ ಹತ್ತಿರ ತೌಹೀದನನ್ನು ತಡೆದಳು.

"ನಿಮ್ಮಜ್ಜಿ, ನಿನ್ನ ದಾದಿ, ಆಕಿ ಹೆಸರೇನು?"

"ಜನ್ನತಬಿ. ಯಾಕ?"

"ನನ್ನ ನಿಮ್ಮ ತೋಟಕ್ಕ ಕರಕೊಂಡು ಹೋಗು. ಯಂಕವ್ವನ ಸಾಲು ನೋಡಬೇಕು."

"ಆಹಾ! ನಿನ್ನೆ ಸುಳ್ಳ ಅಂದಾಕಿ."

"ಸಾರಿ."

"ಏನೂ ಕೇಳಸ್ಲಿಲ್ಲ."

"ಸಾರೀ!" ಎಂದು ಅವಳು ಕೂಗಿದ್ದಕ್ಕೆ ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತೌಹೀದ ಖುಷಿಯಾಗಿ ಮುಂದೆ ನಡೆದ.

ತೋಟ ಶಿಗ್ಗಾವಿ ರಸ್ತೆಯ ಕಡೆಗಿತ್ತು. ಒಳಗೆ ಕಾಲಿಟ್ಟರೆ ತಂಪು. ಎಲೆಗಳು ಒಂದರ ಮೇಲೊಂದು ಒರಗಿ, ಬಿಸಿಲು ಸಹ ಹಸಿರಾಗಿ ಕೆಳಗೆ ಬೀಳುತ್ತಿತ್ತು. ಜನ್ನತಬಿ ನೆಲದ ಮೇಲೆ ಕೂತು, ಕಿತ್ತ ಎಲೆಗಳನ್ನು ಒದ್ದೆ ಗೋಣಿತಟ್ಟಿನ ಮೇಲೆ ಜೋಡಿಸುತ್ತಿದ್ದಳು.

"ದಾದಿ, ಈಕಿ ನಮ್ಮ ಕ್ಲಾಸಿನಾಕಿ. ಇವರಮ್ಮನ ಹೆಸರೂ ಯಂಕವ್ವ ಅಂತ."

ಜನ್ನತಬಿಯ ಕೈ ನಿಂತಿತು. "ಯಾವ ಯಂಕವ್ವ? ಆಡೂರ ಯಂಕವ್ವ? ಯಾ ಅಲ್ಲಾ, ಆಕಿ ಮೊಮ್ಮಗಳೇನ ನೀ? ಬಾ ಬೇಟಿ, ಕುಂದರು. ಆರಾಮ ಅದಾಳೇನು? ಬಳ್ಳಿ ಹೆಂಗದಾವು?"

"ಎಲ್ಲಾ ಕೊಳತು ಹ್ವಾದ್ವುರಿ" ಎಂದಳು ಯಶೋಧರಾ. "ಒಂದ ಉಳದಿತ್ತು. ಅದನ್ನ..."

ಮೇಕೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹೇಳುವುದು ಬಹಳ ಸುಲಭವಿತ್ತು.

"ಅದರ ತುದಿ ನಾ ಚಿವುಟಿದೆ. ಅದೊಂದ ತುದಿ ಅಂತ ನನಗ ಗೊತ್ತಿರಲಿಲ್ರಿ. ಅಮ್ಮನ ಮುಂದ ಮ್ಯಾಕಿ ತಿಂತು ಅಂದೆ. ಆಕಿ ಹೊತ್ತು ಮುಳುಗೂ ತನಕ ಬೇಲಿ ಕಟ್ಟಿದ್ಲು."

ತೌಹೀದ ಕಿಸಕ್ಕೆಂದ. ಜನ್ನತಬಿ ಅವನತ್ತ ಒಂದು ನೋಟ ಬೀರಿದ್ದೇ ಅವನು ಬಾಯಿ ಮುಚ್ಚಿಕೊಂಡ.

"ನಿಮ್ಮಮ್ಮ ಕಳಿಸ್ಯಾಳೇನು ನಿನ್ನ?"

"ಇಲ್ರಿ. ಉಡ್ಯಾಗ ಕೊಟ್ಟಾಕಿ ತಿರುಗಿ ಕೇಳಬಾರದಂತ. ಮೊಮ್ಮಗಳು ಕೇಳಬಹುದೋ ಇಲ್ಲೋ, ಅದು ನನಗ ಗೊತ್ತಿಲ್ರಿ. ಆದರ ಸೋಮವಾರ ಟ್ರ್ಯಾಕ್ಟರ್ ಬರ್ತೈತ್ರಿ."

ಜನ್ನತಬಿ ಎದ್ದು ನಾಲ್ಕನೆಯ ಸಾಲಿಗೆ ಹೋದಳು. ಅಲ್ಲಿನ ಎಲೆಗಳು ಉಳಿದವಕ್ಕಿಂತ ಸ್ವಲ್ಪ ಅಗಲ, ಸ್ವಲ್ಪ ಕಪ್ಪು.

"ಇದ ಯಂಕವ್ವನ ಸಾಲು. ಮೂವತ್ತೈದು ವರ್ಷಾತು ನಾ ಗೊಬ್ಬರ ಹಾಕಾಕತ್ತು. ವರ್ಷಾ ವರ್ಷಾ ಬೆಳದ ಬಳ್ಳಿ ಮರದಿಂದ ಇಳಿಸಿ ಮತ್ತ ಕಟ್ಟೇನಿ. ನನ್ನ ನೀರು, ನನ್ನ ಮಣ್ಣು. ಈಗ ನೀ ಹೇಳು, ಈ ಬಳ್ಳಿ ಯಾರದು? ನಂದೋ, ನಿಮ್ಮಮ್ಮಂದೋ?"

ಯಶೋಧರಾ ಯೋಚಿಸಿದಳು. ನಮ್ಮದು ಎಂದರೆ ಜನ್ನತಬಿಗೆ ಬೇಸರವಾದೀತು. ನಿಮ್ಮದು ಎಂದರೆ ಅಜ್ಜಿಗೆ ಮೋಸ ಮಾಡಿದಂತೆ.

"ಹೇಳಾಕ ಬರವಲ್ದ್ರಿ. ನಮ್ಮ ಸರ್ ನಿನ್ನೆ ಹಿಂಗ ಒಂದು ಹೇಳಿದ್ರು. ಈ ಎಲಿಯೊಳಗಿನ ಹಸಿರು ಮೊದಲು ಎಲಿದಲ್ಲಂತ. ಹೊರಗಿಂದ ಬಂದದ್ದಂತ. ಈಗ ಅದನ್ನ ತಗದ್ರ ಎಲೀನೂ ಇಲ್ಲ, ಅದೂ ಇಲ್ಲ."

"ಒಂದು ದೊಡ್ಡದು ನುಂಗಿತ್ತು ದಾದಿ, ಗುಳುಂ ಅಂತ" ಎಂದ ತೌಹೀದ. "ಆದರ ಕರಗಲಿಲ್ಲ."

"ಕರಗಲಿಲ್ಲಂತ?" ಜನ್ನತಬಿ ನಕ್ಕಳು. ಆಮೇಲೆ ನಗು ಮೆಲ್ಲಗೆ ನಿಂತಿತು. "ನನಗೂ ಹಂಗ ಆಗಿತ್ತು ನೋಡು. ಹದಿನೆಂಟು ವರ್ಷದಾಕಿ, ಶಿಗ್ಗಾವಿಯಿಂದ ಈ ಮನಿಗೆ ಬಂದೆ. ಹದಿನಾಕು ಮಂದಿ ಇರೂ ಮನಿ. ನುಂಗೇಬಿಟ್ಟಿತ್ತು ನನ್ನ. ನೀ ಯಾರು, ಉಂಡಿಯೇನು ಅನ್ನವರಿಲ್ಲ. ಒಂದಿನಾ ಬಾಗಲಾಗ ಕುಂತು ಅಳಾಕತ್ತಿದ್ದೆ. ನಿಮ್ಮಮ್ಮ ಎಲಿ ಬುಟ್ಟಿ ಇಳಿಸಿ ನನ್ನ ಬಾಜೂಕ ಕುಂತಳು. ಯಾಕ ಅಂತ ಕೇಳಲಿಲ್ಲ. ಮರುದಿನ ಬಳ್ಳಿ ತಂದು ಉಡ್ಯಾಗ ಹಾಕಿ, ನನ್ನ ಕೈಲೇ ಊರಿಸಿದ್ಲು. ಅದು ಚಿಗತ ಮ್ಯಾಲೆ ಈ ಮನಿಯಾಗ ನನಗೂ ಒಂದು ಕೆಲಸ ಆತು, ಒಂದು ಮಾತು ಆತು."

ಅವಳು ಸೊಂಟದಿಂದ ಸಣ್ಣ ಕುಡುಗೋಲು ತೆಗೆದು, ಚೆನ್ನಾಗಿ ಬೆಳೆದ ತುದಿಗಳನ್ನು ಆರಿಸಿ ಏಳು ತುಂಡು ಕತ್ತರಿಸಿದಳು. ದಂಟಿನ ಮೇಲಿನ ಗಂಟನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಇದ ಗಿಣ್ಣು. ಇಲ್ಲಿಂದ ಬೇರು ಬಿಡತೈತಿ. ಬರೀ ಎಲಿ ಊರಿದ್ರ ಏನೂ ಬರೂದಿಲ್ಲ."

"ಅಂದ್ರ... ನೀವು ಕೊಡ್ತೀರೇನ್ರಿ?"

"ಕೊಟ್ಟಾಕಿ ಕೇಳಬಾರದು, ಸರಿ. ಇಸಗೊಂಡಾಕಿ ಕೊಡಬಾರದು ಅಂತ ಯಾರೂ ಹೇಳಿಲ್ಲಲ್ಲ?" ಜನ್ನತಬಿ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿದಳು. "ತೌಹೀದ, ಆಟೋ ಕರಿ. ನಾನೂ ಬರ್ತೇನಿ. ಆದರ ಬೇಟಿ, ಆ ಮ್ಯಾಕಿ ಸುದ್ದಿ ನಾ ಬಾಯಿ ಬಿಡೂದಿಲ್ಲ. ಅದು ನಿಂದು."

ಆಟೋದ ಸದ್ದಿಗೆ ಅಜ್ಜಿ ತೋಟದಿಂದ ಹೊರಗೆ ಬಂದಳು. ಯಾರು ಎಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಯವ್ವಾ, ಜನ್ನತೀ! ದಾರಿ ತಪ್ಪಿ ಬಂದೀಯೇನ?"

"ಹೂಂ, ತಪ್ಪೇ ಬಂದೇನಿ. ನೀ ಅಂತೂ ಬರವಲ್ಲಿ. ಮೊದಲು ಉಡಿ ಹಿಡಿ."

"ಯಾಕ, ಏನೈತಿ?"

"ಹಿಡಿ ಅಂದ್ರ ಹಿಡಿ."

ಅಜ್ಜಿ ಸೆರಗು ಒಡ್ಡಿದಳು. ಜನ್ನತಬಿ ಗೋಣಿ ಬಿಚ್ಚಿ ಏಳೂ ತುಂಡುಗಳನ್ನು ಅದರೊಳಗಿಟ್ಟಳು. ಅಜ್ಜಿ ಒಂದು ಎಲೆ ಮುರಿದು ಮೂಸಿದಳು, ಬಾಯಿಗೆ ಹಾಕಿ ನಿಧಾನ ಅಗಿದಳು.

"ನಮ್ಮದ ಹೌದು" ಎಂದಳು ಕಡೆಗೆ. "ಆದರ ಖಾರ ಕಡಿಮಿ ಆಗೈತಿ. ಇದು ನಿನ್ನ ಮಣ್ಣಿನ ರುಚಿ."

"ಮತ್ತ? ಮೂವತ್ತೈದು ವರ್ಷ ಉಂಡೈತಿ ನನ್ನ ಮನ್ಯಾಗ."

ಇಬ್ಬರೂ ನಕ್ಕರು. ಅಜ್ಜಿ ಸೆರಗಿನಿಂದಲೇ ಕಣ್ಣು ಒರೆಸಿಕೊಳ್ಳಲು ಹೋಗಿ, ಸೆರಗಿನ ತುಂಬ ಬಳ್ಳಿ ಇರುವುದನ್ನು ಕಂಡು ಸುಮ್ಮನಾದಳು.

ಕೊಳೆ ರೋಗ ಬಾರದ, ನೀರು ನಿಲ್ಲದ ಜಾಗ ಬೇಕೆಂದು ಬಾವಿಯ ಕಡೆಯ ಎತ್ತರದ ಮೂಲೆ ಆರಿಸಿದರು. ಅಜ್ಜಿ ಮಣ್ಣು ಸಡಿಲಿಸಿದಳು. ಆಮೇಲೆ ತಟ್ಟನೆ ಎದ್ದು ನಿಂತಳು.

"ತಡಿ, ತಡಿ. ಮೊದಲು ಈ ಕಡೆನೂ ಮುಳ್ಳು ಹಚ್ಚಬೇಕು. ಒಂದು ಹಾಳ ಮ್ಯಾಕಿ ಬರಾಕತ್ತೈತಿ."

ಜನ್ನತಬಿ ಬೇರೆ ಕಡೆ ನೋಡಿದಳು. ಅಜ್ಜಿ ಅರಿಶಿನ ಹತ್ತಿದ ಆ ಬೆರಳುಗಳಿಂದಲೇ ಮತ್ತೆ ಮುಳ್ಳಿನ ಕಂಟಿಗೆ ಕೈ ಹಾಕಿದಳು.

"ಅಮ್ಮಾ, ಬ್ಯಾಡ!" ಯಶೋಧರಾ ಆ ಕೈ ಹಿಡಿದುಕೊಂಡಳು. "ಮ್ಯಾಕಿ ಬಂದಿದ್ದಿಲ್ಲ. ತುದಿ ನಾ ಮುರದಿದ್ದೆ. ಶಾಲಿಗೆ ಒಯ್ಯಾಕ."

ಅಜ್ಜಿ ಅವಳನ್ನು ನೋಡಿದಳು. ಸಂಜೆಯಿಡೀ ಕಟ್ಟಿದ ಬೇಲಿಯನ್ನು ನೋಡಿದಳು.

"ಹಂಗಾರ ಇಷ್ಟೆಲ್ಲಾ ಬೇಲಿ ಯಾರಿಗೆ ಕಟ್ಟಿದೆ ನಾ?"

"ನನಗ" ಎಂದಳು ಯಶೋಧರಾ. ಅಳು ಬಂದುಬಿಟ್ಟಿತು.

ಅಜ್ಜಿ ಮುಳ್ಳಿನ ಕಂಟಿ ಬಿಟ್ಟಳು. ಆಮೇಲೆ ಉಡಿಯೊಳಗಿಂದ ಒಂದು ತುಂಡು ಬಳ್ಳಿ ತೆಗೆದು ಅವಳ ಅಂಗೈಯಲ್ಲಿಟ್ಟಳು.

"ಹಿಡಿ. ಎರಡು ಗಿಣ್ಣು ಮಣ್ಣಾ‌ಗ ಹೋಗಬೇಕು. ತುದಿ ಮ್ಯಾಲೆ ಇರಬೇಕು. ಮೆಲ್ಲಕ."

ಯಶೋಧರಾ ಮೂಗು ಒರೆಸಿಕೊಂಡು, ಕೂತು, ಊರಿದಳು. ಅಜ್ಜಿ ಮಣ್ಣು ಒತ್ತಿದಳು. ಜನ್ನತಬಿ ನೀರು ಹನಿಸಿದಳು. ತೌಹೀದ ನೆರಳಿಗೆಂದು ತೆಂಗಿನ ಗರಿ ತಂದು ಚುಚ್ಚಿ, "ಇದು ತೌಹೀದನ ಸಾಲು" ಎಂದು ಬೈಸಿಕೊಂಡ. ಸೋಮವಾರ ಟ್ರ್ಯಾಕ್ಟರ್ ಬಂದಾಗ ಅಪ್ಪ ತಾನೇ ಮುಂದೆ ನಿಂತು, "ಆ ಬಾವಿ ಮೂಲಿ ಬಿಟ್ಟು ಹೊಡಿಯಪಾ" ಎಂದು ಹೇಳಿದ.

ಆಮೇಲೆ ಕಾಯುವ ದಿನಗಳು ಶುರುವಾದವು. ಯಶೋಧರಾ ದಿನವೂ ಶಾಲೆಗೆ ಹೋಗುವ ಮುಂಚೆ ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ಏಳು ತುಂಡುಗಳೂ ಊರಿದ ಹಾಗೆಯೇ ನಿಂತಿದ್ದವು. ಒಂದೇ ಒಂದನ್ನು ಸ್ವಲ್ಪ ಎಳೆದು, ಬೇರು ಬಂದಿದೆಯೇ ಎಂದು ನೋಡಬೇಕೆಂದು ಅವಳ ಬೆರಳು ತುರಿಸುತ್ತಿದ್ದವು.

ಒಂಬತ್ತನೆಯ ದಿನ ಒಂದರ ಕೆಳಗಿನ ಎಲೆ ಹಳದಿಯಾಯಿತು. ಅವಳು ಓಡಿಹೋಗಿ ಅಜ್ಜಿಯನ್ನು ಕರೆತಂದಳು.

"ಸಾಯಾಕತ್ತೈತೇನಮ್ಮಾ?"

"ಇರಬಹುದು. ಇಲ್ಲಾ, ಹಳೇ ಎಲಿ ಬಿಟ್ಟು ಬೇರಿಗೆ ಜೀವಾ ಕೊಡಾಕತ್ತಿರಬಹುದು. ಒಳಗ ಏನ್ ನಡದೈತಿ ಅಂತ ಮ್ಯಾಲಿಂದ ತಿಳಿಯೂದಿಲ್ಲ."

"ನೋಡಾಕ ಬರೂದಿಲ್ಲೇನು?"

"ಬರ್ತೈತಿ. ಕಿತ್ತು ನೋಡಬಹುದು. ನೋಡಿದ ಮ್ಯಾಲೆ ಅದು ಇರೂದಿಲ್ಲ."

ಅಜ್ಜಿ ಒಳಗೆ ಹೋದಳು. ಯಶೋಧರಾ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಆ ಹಳದಿ ಎಲೆಯ ಬಾಜೂ, ಏನೂ ಕೇಳದೆ ಸುಮ್ಮನೆ ಕೂತಳು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸುವವರೆಗೂ ಕೂತೇ ಇದ್ದಳು.

ಇದನ್ನು ಬರೆಯುವ ಹೊತ್ತಿಗೆ ಹನ್ನೆರಡು ದಿನಗಳಾಗಿವೆ. ಆ ಏಳರಲ್ಲಿ ಎಷ್ಟು ಬೇರು ಬಿಟ್ಟಿವೆ ಎಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.